ತೊಟ್ಟಿಲಿಗಾಗಿ ಕಲಘಟಗಿಗೆ

ಬೆಳಗಿನ ಬಸ್ಸು ಶಲವಡಿ ಬಿಟ್ಟಾಗ ನನ್ನ ಹೆಂಡತಿ ಶಾಂತವ್ವ ಬಾಗಿಲ ಬಾಜುವಿನ ಸೀಟು ಹಿಡಿದಿದ್ದಳು. ಹೆರಿಗೆಗೆ ಬಂದ ಮಗಳ ಕೂಸಿಗೆಂದು ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡಿಸಿದ್ದೆವು. ನಾನೊಬ್ಬನೇ ಹೋಗಿ ತರುತ್ತೇನೆಂದರೆ ಕೇಳಲಿಲ್ಲ. "ಮೊಮ್ಮಗನ ತೊಟ್ಟಲಾ ನಾನs ನೋಡಿ ತರಾಕಿ," ಎಂದು ಹಟ ಹಿಡಿದಳು.

ಅವಳಿಗೆ ಕ್ರೋನ್ಸ್ ಎಂಬ ಕರುಳಿನ ಬೇನೆ. ಹೊಟ್ಟೆ ಹಿಂಡಿ ಬಂತೆಂದರೆ ತಡೆಯಲಾಗದು. ಹುಬ್ಬಳ್ಳಿ ದಾರಿಯಲ್ಲಿ ಬಸ್ಸು ನಿಲ್ಲಿಸಿ ನಿಲ್ಲಿಸಿ ಅವಳ ಮಾನ ಹೋಗಿತ್ತು. ಈ ಚಳಿಗಾಲದಿಂದ ಬಯೋಲಾಜಿಕ್ ಎಂಬ ಇಂಜೆಕ್ಷನ್ ಶುರುವಾಗಿದೆ. ಮನೆಯಲ್ಲೇನೋ ಆರಾಮಿದ್ದಳು. ಡಾಕ್ಟರು ಮಾತ್ರ ಹಿಗ್ಗಲಿಲ್ಲ. "ಈ ಔಷಧ ಕೆಲವರಿಗೆ ಹತ್ತತೈತ್ರಿ, ಕೆಲವರಿಗೆ ಇಲ್ಲ. ಹತ್ತಿದ್ದೂ ಮುಂದ ಬಿಡಬಹುದು. ಟೆಸ್ಟ್ ಮಾಡೂಣು, ಆದ್ರ ದಿನಾ ಹೆಂಗ ನಡೀತೈತಿ ಅನ್ನೂದು ನೀವs ಹೇಳಬೇಕು." ಹತ್ತದಿದ್ದರೆ ಕರುಳಿನ ತುಂಡು ಕೊಯ್ದು ತೆಗೆಯುವ ಮಾತು ಆಗಲೇ ಬಂದಿತ್ತು.

ನವಲಗುಂದ ದಾಟಿದರೆ ಬರೀ ಎರೆಹೊಲ. ಜೋಳ ಕೊಯ್ದು, ಕಡಲೆ ಕಿತ್ತು ನೆಲ ಬೋಳಾಗಿತ್ತು. ಬೇರೆಯವರು ಆ ಬಯಲನ್ನು ಚೆಂದ ಅಂದಾರು, ನನಗೆ ಸಿಟ್ಟು ಬಂತು. ಅವಳು ಇಳಿದು ಕೂರಲು ಮರೆ ಎಂದರೆ ಬೆಣ್ಣಿಹಳ್ಳದ ದಂಡೆಯ ಜಾಲಿಕಂಟಿಯೊಂದೇ.

"ನನ್ನ ಮಾರಿ ಏನ ನೋಡತೀರಿ? ಹೊರಗ ನೋಡ್ರಿ," ಎಂದಳು ಶಾಂತವ್ವ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ನಾನು ಗಿರಮಿಟ್ ತಿಂದೆ, ಅವಳು ನೀರೂ ಮುಟ್ಟಲಿಲ್ಲ. ಪ್ರಯಾಣದ ದಿನ ಉಪವಾಸ ಇರುವುದನ್ನು ಬೇನೆಯೇ ಅವಳಿಗೆ ಕಲಿಸಿತ್ತು.

ಕಲಘಟಗಿಯಲ್ಲಿ ತೊಟ್ಟಿಲು ಸಿದ್ಧವಿತ್ತು. ಅದರ ಮೇಲೆ ಬರೆದ ಒಂದೊಂದು ಗಿಣಿಯನ್ನೂ ಅವಳು ಮುಟ್ಟಿ ನೋಡಿದಳು. ಅಷ್ಟರಲ್ಲಿ ತೊಟ್ಟಿಲು ಮಾಡಿದವನ ತಾಯಿ ತಾಟು ತಂದಿಟ್ಟಳು. "ತೊಟ್ಟಲಾ ಒಯ್ಯೋರು ಹಸದ ಹೊಟ್ಟೀಲೆ ಹೊಸ್ತಲಾ ದಾಟಬಾರ್ದವಾ. ಕೂಸಿಗೆ ಒಳ್ಳೇದಲ್ಲ."

ನಾನು ಅಡ್ಡ ಬಾಯಿ ಹಾಕುವ ಮೊದಲೇ ಶಾಂತವ್ವ ಕುಳಿತಿದ್ದಳು. ಬಿಸಿ ಅನ್ನ, ಬೇಳೆಯ ತವ್ವಿ, ತುಪ್ಪ. ಎರಡನೇ ಸಲವೂ ಬಡಿಸಿಕೊಂಡಳು. ಇನ್ನು ದಾರಿಯುದ್ದಕ್ಕೂ ನನ್ನ ಗತಿಯೇನು ಎಂದುಕೊಂಡು ನೀರಿನ ಬಾಟಲಿ ತುಂಬಿಸಿಕೊಂಡೆ.

ಹುಬ್ಬಳ್ಳಿಯಿಂದ ಮರಳುವ ಬಸ್ಸು ಕಿಕ್ಕಿರಿದಿತ್ತು. ಅವಳದು ಉಚಿತ ಟಿಕೆಟ್, ನನಗೂ ತೊಟ್ಟಿಲಿಗೂ ದುಡ್ಡು. ಕಂಡಕ್ಟರ್ ನಮ್ಮನ್ನು ಬಲ್ಲವನು, ಅವಳಿಗಾಗಿ ಎಷ್ಟೋ ಸಲ ಬಸ್ಸು ನಿಲ್ಲಿಸಿದವನು. ಸ್ವಲ್ಪ ಹೊತ್ತಿಗೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ನಾನು ಕಿಟಕಿಯಾಚೆ ಮರೆ ಹುಡುಕತೊಡಗಿದೆ. ಬೆಣ್ಣಿಹಳ್ಳ ಬಂತು. ಕಂಡಕ್ಟರನ ಸೀಟಿ ಕೇಳಿಸಿ ಬಸ್ಸು ನಿಂತಿತು.

"ಅಕ್ಕಾರ, ಇಳೀರಿ," ಎಂದ ಕಂಡಕ್ಟರ್ ಮೆಲ್ಲಗೆ. "ಅವಸರ ಮಾಡಬ್ಯಾಡ್ರಿ, ನಾವು ನಿಂತಿರತೇವಿ."

ಜನರೆಲ್ಲ ತಿರುಗಿ ನೋಡಿದರು. ಶಾಂತವ್ವ ಕಣ್ಣುಜ್ಜಿಕೊಂಡು ಎದ್ದು ನಿಂತಳು. ನಾನು ನೀರಿನ ಬಾಟಲಿಗೆ ಕೈ ಹಾಕಿದೆ.

"ನಿದ್ದಿ ಕೆಡಿಸಿದಲ್ಲೋ ತಮ್ಮಾ," ಎಂದಳು. ಆಮೇಲೆ ಡ್ರೈವರನ ಕಡೆ ತಿರುಗಿ, ಇಡೀ ಬಸ್ಸಿಗೆ ಕೇಳುವಂತೆ, ತಾನೇ ಕೂಗಿದಳು: "ರೈಟ್!"

ಬಸ್ಸು ಹೊರಟಿತು. ಆ ಜಾಲಿಕಂಟಿ ಮರೆಯಾಗುವವರೆಗೂ ನಾನು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದೆ.