ಸೋತ ಮರುದಿನದ ನೋಣಯ್ಯ

ಮಣ್ಣಗುಡ್ಡದ ದರ್ಜಿ ನೋಣಯ್ಯನವರು ನೆಹರೂ ಮೈದಾನದಲ್ಲಿ ಕುಳಿತು ಫುಟ್‌ಬಾಲ್ ನೋಡಿದವರೇ ಅಲ್ಲ. ಗೆರೆಯ ಹೊರಗೆ ಚೆಂಡಿನ ಜೊತೆಗೇ ಓಡುವರು, ಗಾಳಿಗೆ ಒದೆಯುವರು, ಒಮ್ಮೆ ಪಕ್ಕದವರ ಕಡಲೆ ಪೊಟ್ಟಣಕ್ಕೂ ಒದ್ದದ್ದುಂಟು. ತಮ್ಮ ತಂಡ ಗೆದ್ದರೆ, ಮರುದಿನ ಗಿರಾಕಿಯ ಮುಂದೆ ಇಡೀ ಆಟವನ್ನು ಆಡಿ ತೋರಿಸಿಯೇ ಅಂಗಿ ಕೊಡುವರು; ಸೋತರೆ ರೆಫ್ರಿಗೆ, ಬಿಸಿಲಿಗೆ, ಹುಲ್ಲಿಗೆ ಬೈಗಳು. ಈ ಭಾನುವಾರವಂತೂ ತಂಡದ ಮೂವರು ಪೆಟ್ಟಾಗಿ ಮಲಗಿದ್ದರು. ಬದಲಿಗೆ ಜನವಿಲ್ಲದೆ ಎಂಟೇ ಮಂದಿ ಇಳಿದು ಒಂಬತ್ತು ಗೋಲು ತಿಂದರು. "ಎಂತ ನೋಣಯ್ಯಣ್ಣ, ನಿಮ್ಮವರ ಗೋಲಿನ ಬಾಯಿ ಹೊಲಿಯಲಿಕ್ಕೆ ನೂಲು ಉಂಟಾ?" ಎಂದು ಹೋಟೆಲಿನ ಶೀನಪ್ಪ ಶೆಟ್ರು ಕೆಣಕಿದಾಗ ನೋಣಯ್ಯನವರು ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದರು. ಸಂಜೆಯಿಡೀ ಮನೆಯ ಗೋಡೆಗೆ ಬೈದದ್ದನ್ನು ಹೆಂಡತಿ ದೇಯಿ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. ಬೆಳಿಗ್ಗೆ ಅವರು ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟೆ, ಎಂದರೆ ಸಾವಿರಾರು ಹೂವಿನ ಮಲ್ಲಿಗೆ ಮಾಲೆ ಹಿಡಿದು ದೇವಿಯ ಗುಡಿಗೆ ಹೊರಟಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. "ಅದು ಗೆದ್ದರೆ ಕೊಡ್ತೇನೆ ಅಂತ ಹೇಳಿಕೊಂಡ ಹರಕೆ ಅಲ್ವಾ?" "ಹೌದು ಮಾರಾಯ್ತಿ. ಆಡುವುದಿಲ್ಲ ಅಂತ ಹೇಳಿ ಆ ಮಕ್ಕಳು ಮನೆಯಲ್ಲಿ ಕೂರಬಹುದಿತ್ತು. ಎಂಟೇ ಜನ, ಕಡೆಯ ಸೀಟಿಯವರೆಗೆ ಓಡಿದ್ರು. ಅದನ್ನು ಸೋಲು ಅಂತ ದೇವಿಗೆ ಹೇಳ್ಲಿಕ್ಕೆ ನನಗೆ ನಾಲಗೆ ಏಳುವುದಿಲ್ಲ."