ಟ್ರೂಡಿಯ ಕೋಣೆಯಲ್ಲಿ ನಲವತ್ತು ನಿಮಿಷ

ಟ್ರೂಡಿ ಹಾಸೆಕ್ ಬಗ್ಗೆ ನಮ್ಮೂರಲ್ಲಿ ಯಾರನ್ನಾದರೂ ಕೇಳಿ, ಹೊಗಳಿ ಅಟ್ಟಕ್ಕೇರಿಸುತ್ತಾರೆ. ನನ್ನನ್ನು ಮಾತ್ರ ಕೇಳಬೇಡಿ. ಕೇಳಿದರೆ ನಿಜ ಹೇಳಿಬಿಡುತ್ತೇನೆ: ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಯುರಿ. ಎಪ್ಪತ್ತೊಂದು ವರ್ಷಕ್ಕೆ ಇದೆಲ್ಲ ನಿನಗೆ ಬೇಕಾ ಎಂದು ನನ್ನ ತಂಗಿ ಬೈಯುತ್ತಾಳೆ. ಬೇಕೋ ಬೇಡವೋ, ಇರುವುದಂತೂ ಇದೆ.

ಅವಳನ್ನು ಆರು ವರ್ಷದ ಹುಡುಗಿಯಾಗಿದ್ದಾಗಿನಿಂದ ಬಲ್ಲೆ. ಆಗ ನಾನು ಶಾಲೆಯ ಬಸ್ಸು ಓಡಿಸುತ್ತಿದ್ದೆ. ಹಾಸೆಕ್‌ರ ಹಂದಿ ಫಾರಂ ನನ್ನ ಕೊನೆಯ ನಿಲ್ದಾಣ. ಸೋಮವಾರ ಬಂತೆಂದರೆ ಟ್ರೂಡಿ ನನ್ನ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುವಳು. ಬಸ್ಸಿನ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಕಿಸಿಯುತ್ತಿದ್ದರೆ ಅವಳು ನೆಟ್ಟಗೆ ಕುಳಿತು ಕಿಟಕಿಯಾಚೆ ನೋಡುತ್ತಿದ್ದಳು. ಒರೆಸುತ್ತಿದ್ದವಳು ನಾನು.

ಶಾಲೆ ಮುಗಿಸಿ ಸೈನ್ಯ ಸೇರಿದಳು. ಇರಾಕಿನಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟಿದಳು. ವಾಪಸು ಬಂದು ವೃದ್ಧಾಶ್ರಮದಲ್ಲಿ ಮುದುಕರನ್ನು ಮೀಯಿಸುತ್ತಲೇ ನರ್ಸಿಂಗ್ ಓದಿದಳು. ಅದು ಸಾಲದೆಂದು ಎರಡು ಗಂಟೆ ಕಾರು ಓಡಿಸಿಕೊಂಡು ಕಿಯರ್ನಿಗೆ ಹೋಗಿ ಇನ್ನೂ ಓದಿದಳು. ಆ ಓದು ಮುಗಿಯುವಷ್ಟರಲ್ಲಿ ಗಂಡ ಬಿಟ್ಟುಹೋಗಿದ್ದ. ನಲವತ್ತಮೂರನೆಯ ವಯಸ್ಸಿಗೆ ನರ್ಸ್ ಪ್ರಾಕ್ಟೀಷನರ್ ಆಗಿ ನಮ್ಮೂರ ಮಾಜಿ ಸೈನಿಕರ ಕ್ಲಿನಿಕ್ಕಿಗೇ ಬಂದಳು. ಪರೀಕ್ಷೆ ಅವಳದೇ, ಔಷಧಿ ಬರೆಯುವುದೂ ಅವಳೇ, ಓಮಹಾದ ದೊಡ್ಡ ಆಸ್ಪತ್ರೆಗೆ ಕಳಿಸಬೇಕೇ ಬೇಡವೇ ಎನ್ನುವವಳೂ ಅವಳೇ.

ಅಲ್ಲಿ ಇಪ್ಪತ್ತೆರಡು ವರ್ಷ ಡಾಕ್ಟರ್ ಲಿಂಡ್‌ಗ್ರೆನ್ ಇದ್ದರು. ಅವರು ನಿವೃತ್ತರಾಗಿ ಅರಿಜೋನಾದ ಬಿಸಿಲಿಗೆ ಹೊರಟುಹೋದ ಮೇಲೆ ಒಂದೂವರೆ ವರ್ಷ ಕಾದರೂ ಇನ್ನೊಬ್ಬ ಡಾಕ್ಟರು ಸಿಗಲಿಲ್ಲ. ಒಬ್ಬ ಬಂದಿದ್ದ, ಅವನ ಹೆಂಡತಿ ಊರು ನೋಡಿ ಕಾರಿನಿಂದ ಕೆಳಗೇ ಇಳಿಯಲಿಲ್ಲ. ಕೊನೆಗೆ ಬಾಗಿಲ ಮೇಲೆ ಟ್ರೂಡಿಯ ಹೆಸರು ಬಂತು. ಕಾಳಿನ ಗೋದಾಮಿನಲ್ಲಿ ಬೆಳಗಿನ ಕಾಫಿಗೆ ಸೇರುವ ಗಂಡಸರು ಗೊಣಗಿದ್ದೇ ಗೊಣಗಿದ್ದು.

"ಯುದ್ಧಕ್ಕೆ ಕಳಿಸೋವಾಗ ಗಂಡಸರು ಬೇಕಿತ್ತು. ಈಗ ನಮಗೆ ನರ್ಸು ಸಾಕಂತೆ" ಎಂದ ಮಿಲ್ಫರ್ಡ್ ಝೀಚ್.

ಆರು ತಿಂಗಳೊಳಗೆ ಅದೇ ಮಿಲ್ಫರ್ಡ್ ಅವಳನ್ನು 'ಡಾಕ್' ಎಂದು ಕರೆಯತೊಡಗಿದ್ದ. ಪಲ್ಟನ್ನಿನಲ್ಲಿ ಗುಂಡಿನ ನಡುವೆ ತೆವಳಿ ಬಂದು ಪಟ್ಟಿ ಕಟ್ಟುವವನಿಗಷ್ಟೇ ಸಲ್ಲುವ ಹೆಸರದು. ಲಿಂಡ್‌ಗ್ರೆನ್‌ಗೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಅವರು ಸೈನ್ಯದಲ್ಲಿ ಮೇಜರ್ ಆಗಿದ್ದವರು, ಎಲ್ಲರಿಗೂ 'ಸರ್'.

ನನ್ನ ಗಂಡ ಡೆಲ್ಮರ್ ಕುಚೇರಾನಿಗೂ ಅವರು ಸರ್ರೇ. ವಿಯೆಟ್ನಾಮಿನಿಂದ ಬಂದಮೇಲೆ ಅವನು ಜೋಳ ಬೆಳೆದ, ದನ ಸಾಕಿದ. ಮಾತಾಡಿದ್ದು ಹೆಚ್ಚಾಗಿ ದನಗಳ ಜೊತೆಗೆ. ಸೈನ್ಯದಲ್ಲಿ ಹುಷಾರಿಲ್ಲ ಎಂದು ಅಧಿಕಾರಿಯ ಮುಂದೆ ನಿಂತವನನ್ನು ಕೆಲಸಗಳ್ಳ ಎನ್ನುತ್ತಿದ್ದರಂತೆ. ಲಿಂಡ್‌ಗ್ರೆನ್ ಹೇಗಿದ್ದೀರಿ ಎಂದರೆ ಇವನು ಬೆನ್ನು ನೆಟ್ಟಗೆ ಮಾಡಿ "ಚೆನ್ನಾಗಿದ್ದೀನಿ, ಸರ್" ಎನ್ನುತ್ತಿದ್ದ. ಮಂಡಿ ಊದಿ ಕುಂಬಳಕಾಯಿಯಾಗಿದ್ದಾಗಲೂ ಅದೇ ಉತ್ತರ. ಹಾಗಾಗಿ ಲಿಂಡ್‌ಗ್ರೆನ್ ನನ್ನ ಕಡೆಗೇ ತಿರುಗುತ್ತಿದ್ದರು. ನಿದ್ದೆ, ಊಟ, ಮಂಡಿ, ಮಲಬದ್ಧತೆ, ಎಲ್ಲದಕ್ಕೂ ಉತ್ತರ ನನ್ನದು. ನಾನೊಬ್ಬಳೇ ಅಲ್ಲ, ಆ ಕ್ಲಿನಿಕ್ಕಿಗೆ ಬರುವ ಹೆಂಡತಿಯರೆಲ್ಲ ಹಾಗೇ. ಗಂಡನ ಮೈ ಬಗ್ಗೆ ನಮಗಿಂತ ಹೆಚ್ಚು ಬಲ್ಲವರಿಲ್ಲ ಎಂಬ ಜಂಬ ನಮ್ಮದು.

ಟ್ರೂಡಿ ಮೊದಲ ದಿನವೇ ಬಾಗಿಲಲ್ಲಿ ನನ್ನನ್ನು ತಡೆದಳು.

"ಮಿಸೆಸ್ ಕುಚೇರಾ, ನೀವೊಂದು ಹತ್ತು ನಿಮಿಷ ಹೊರಗೆ ಕೂತಿರಿ."

"ನಾನಿಲ್ಲದಿದ್ರೆ ನಿನಗೆ ಉತ್ತರ ಕೊಡೋರು ಯಾರಮ್ಮ? ಇವನಿಗೆ ಬಾಯಿ ಅಂತ ಒಂದಿದೆಯಾ?"

"ಇದೆಯಾ ಇಲ್ವಾ ನೋಡೇಬಿಡೋಣ."

ಹತ್ತು ನಿಮಿಷ ನಲವತ್ತಾಯಿತು. ಹಳೆಯ ಪತ್ರಿಕೆಯ ಒಂದೇ ಹಾಳೆ ನೋಡುತ್ತ ಕುಳಿತಿದ್ದೆ. ಒಳಗಿನಿಂದ ಡೆಲ್ ನಕ್ಕಿದ್ದು ಕೇಳಿಸಿತು. ಆಮೇಲೆ ಮಾತು, ಉದ್ದುದ್ದ ಮಾತು. ಪದಗಳು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಅವನದೇ. ಮದುವೆಯಾದ ನಲವತ್ತೊಂಬತ್ತು ವರ್ಷದಲ್ಲಿ ನನ್ನೆದುರು ಒಂದೇ ಉಸಿರಿಗೆ ಅಷ್ಟು ಮಾತಾಡಿದವನಲ್ಲ. ಮೈಯೆಲ್ಲ ಉರಿದುಹೋಯಿತು.

"ಏನು ಮಾತಾಡಿದ್ರಿ?" ಎಂದೆ ಪಿಕಪ್ ಹತ್ತುತ್ತಲೇ.

"ಅದೂ ಇದೂ."

"ಅದು ಯಾವುದು, ಇದು ಯಾವುದು?"

"ರಕ್ತದೊತ್ತಡ."

"ನಲವತ್ತು ನಿಮಿಷ ರಕ್ತದೊತ್ತಡನಾ?"

ಮನೆ ಮುಟ್ಟಿದ್ದೇ ದನ ನೋಡಲು ಹೋದ. ನಾಲ್ಕು ತಿಂಗಳು ಹೀಗೇ ನಡೆಯಿತು. ಕ್ಲಿನಿಕ್ಕಿನ ದಿನ ಬಂದರೆ ತಾನಾಗಿಯೇ ಗಡ್ಡ ಹೆರೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಸಿದ್ಧನಾಗುತ್ತಿದ್ದ. ಅವಳ ಮೇಲೆ ಇವನಿಗೇನೋ ಮೋಹವಿದೆ ಎಂದಲ್ಲ, ನನಗೆ ಅಷ್ಟು ಬುದ್ಧಿ ಇದೆ. ಮೋಹವಾಗಿದ್ದರೆ ಎದುರಿಗೆ ನಿಂತು ಜಗಳವಾಡಬಹುದಿತ್ತು. ಇವನ ಮಾತು ನನಗೆ ಬೇಕಿತ್ತು, ಅದು ಅವಳಿಗೆ ಸಿಗುತ್ತಿತ್ತು, ಅಷ್ಟೇ.

ಒಮ್ಮೆ ಕಿರಾಣಿ ಅಂಗಡಿಯಲ್ಲಿ ಟ್ರೂಡಿ ಸಿಕ್ಕಳು. ತಳ್ಳುಗಾಡಿ ಅಡ್ಡ ಇಟ್ಟು ನಿಂತೆ.

"ಡೆಲ್ ನಿನ್ನ ಹತ್ರ ಏನು ಹೇಳ್ತಾನೆ?"

"ಅದನ್ನ ಅವರೇ ಹೇಳಬೇಕು, ಮಿಸೆಸ್ ಕುಚೇರಾ."

"ನಿನ್ನ ವಾಂತಿ ಒರೆಸಿದ ಕೈ ಕಣೇ ಇದು."

"ಒರೆಸಿದ್ರಿ. ಊರಲ್ಲಿ ಯಾರ ಮುಂದೂ ಆಡಿಕೊಳ್ಳಲಿಲ್ಲ. ನಾನೂ ಹಾಗೇ, ಬಾಯಿ ಬಿಡಲ್ಲ."

ಅಷ್ಟು ಮೆತ್ತಗೆ ಹೇಳಿದಳಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಆ ವಾರವೇ ನಾನು ಮಾಡಬಾರದ್ದು ಮಾಡಿದೆ.

ನಮ್ಮ ಮನೆಯಲ್ಲಿ ಕಾಗದಪತ್ರ ತುಂಬುವವಳು ನಾನು. ಡೆಲ್ ನಾನು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾನೆ, ಓದುವುದಿಲ್ಲ. ಮದುವೆಯಾದಾಗಿನಿಂದ ಇದೇ ಪದ್ಧತಿ. ಕ್ಲಿನಿಕ್ಕಿನಲ್ಲಿ ನೋಡುವವರನ್ನು ಬದಲಿಸಿಕೊಡಿ ಎಂದು ಕೇಳುವ ಅರ್ಜಿ ತಂದೆ. ಕಾರಣ ಎಂಬಲ್ಲಿ 'ನಿಜವಾದ ಡಾಕ್ಟರು ಬೇಕು' ಎಂದು ಬರೆದೆ. ಕರುಗಳ ಲಸಿಕೆಯ ಕಾಗದಗಳ ನಡುವೆ ಅದನ್ನು ಸೇರಿಸಿ, ಊಟದ ಮೇಜಿನ ಮೇಲಿಟ್ಟೆ. ಡೆಲ್ ಎಲ್ಲಕ್ಕೂ ಸಹಿ ಹಾಕಿ ಎದ್ದುಹೋದ. ಗೆದ್ದೆ ಅಂದುಕೊಂಡೆ. ನಾಚಿಕೆಯೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮುಂದಿನ ತಿಂಗಳು ನಮ್ಮನ್ನು ಕೂರಿಸಿದ್ದು ಬೇರೆ ಕೋಣೆಯಲ್ಲಿ, ಒಂದು ಪರದೆಯ ಮುಂದೆ. ಡೆನ್ವರಿನಲ್ಲಿ ಕುಳಿತ ಡಾಕ್ಟರು ಅದರಲ್ಲಿ ಕಾಣಿಸಿಕೊಂಡರು. ಚಿಕ್ಕ ವಯಸ್ಸು, ಒಳ್ಳೆಯ ಮಾತು. ನಾನು ಡೆಲ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಹೊರಗೆ ಹೋಗಿ ಎಂದು ಯಾರೂ ಅನ್ನಲಿಲ್ಲ.

"ಹೇಗಿದ್ದೀರಿ, ಮಿಸ್ಟರ್ ಕುಚೇರಾ?"

"ಚೆನ್ನಾಗಿದ್ದೀನಿ, ಸರ್."

ಡಾಕ್ಟರು ಏನೋ ಓದಿಕೊಂಡರು. "ಓಮಹಾದಲ್ಲಿ ನಿಮ್ಮ ಮೆದುಳಿನ ಸ್ಕ್ಯಾನ್ ಮಾಡಿಸಬೇಕು ಅಂತ ಹಿಂದಿನವರು ಬರೆದಿದ್ರು. ನೀವು ನನ್ನ ಪಟ್ಟಿಗೆ ಬಂದಿದ್ದರಿಂದ ಆ ದಿನಾಂಕ ರದ್ದಾಗಿದೆ. ನಾನು ಮೊದಲಿಂದ ನೋಡಬೇಕು. ಈ ತೊಂದರೆ ಶುರುವಾಗಿದ್ದು ಯಾವಾಗ?"

ಡೆಲ್ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಇವಳನ್ನ ಕೇಳಿ, ಸರ್. ನನ್ನ ಪರವಾಗಿ ಇವಳೇ ಹೇಳೋದು."

ನಾನು ಬಾಯಿ ತೆರೆದೆ. ಯಾವ ತೊಂದರೆ, ಯಾವ ಸ್ಕ್ಯಾನ್, ಒಂದೂ ಗೊತ್ತಿಲ್ಲ. ಪರದೆಯಲ್ಲಿ ಡಾಕ್ಟರು ಕಾಯುತ್ತಿದ್ದರು.

"ನನಗೆ ಗೊತ್ತಿಲ್ಲ" ಎಂದೆ.

ವಾಪಸಾಗುವಾಗ ಪಿಕಪ್ ನಾನೇ ಓಡಿಸಿದೆ. ಕಾಳಿನ ಗೋದಾಮು ದಾಟಿದ ಮೇಲೆ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದೆ.

"ಏನಾಗಿದೆ, ಡೆಲ್?"

"ಫೆಬ್ರವರಿಯಲ್ಲಿ ದನದ ಹರಾಜಿನಲ್ಲಿ ಒಬ್ಬ ಹಳೇ ಪರಿಚಯದವನು ಸಿಕ್ಕಿದ್ದ. ನಿನ್ನ ಹೆಂಡತಿ ಹೆಸರೇನಪ್ಪಾ, ಮರೆತೇಹೋಯ್ತು ಅಂದ. ಹೇಳೋಣ ಅಂತ ಬಾಯಿ ತೆಗೆದೆ. ಬರಲಿಲ್ಲ. ಬೂಟಿನ ದಾರ ಕಟ್ಟೋನ ಹಾಗೆ ಬಗ್ಗಿದೆ. ಎದ್ದಾಗಲೂ ಬರಲಿಲ್ಲ." ಅಂಗೈಯನ್ನು ಮಂಡಿಗೆ ಉಜ್ಜಿದ. "ಆಮೇಲೆ ಇನ್ನೂ ಎರಡು ಮೂರು ಸಲ ಹಾಗೇ ಆಯ್ತು. ಹೆಸರು ಮಾತ್ರ ಅಲ್ಲ, ಬೇರೆಯವೂ."

"ಅವಳಿಗೆ ಹೇಳಿದ್ದೀಯ. ನನಗೆ ಹೇಳಲಿಲ್ಲ."

"ಅವಳು ಕೇಳಿಸಿಕೊಂಡು ಸಂಜೆ ತನ್ನ ಮನೆಗೆ ಹೋಗ್ತಾಳೆ. ನೀನು ಎಲ್ಲಿಗೆ ಹೋಗ್ತೀಯ, ವರ್ಲಾ? ನಿನಗೆ ಹೇಗೆ ಹೇಳೋದು ಅಂತಾನೇ ಅವಳ ಹತ್ರ ಕಲೀತಿದ್ದೆ. ಅಲ್ಲಿ ಸರಿಯಾಗಿ ಹೇಳ್ತಿದ್ದೆ. ಮನೆಗೆ ಬಂದು ನಿನ್ನ ಮುಖ ನೋಡಿದ್ರೆ ಆಗ್ತಿರಲಿಲ್ಲ. ನಲವತ್ತು ನಿಮಿಷನೂ ಅದೇ ಅಲ್ಲ, ಬೇರೆ ವಿಷಯಾನೂ ಬರ್ತಿದ್ವು. ಯುದ್ಧದ್ದು. ನಮ್ಮಪ್ಪಂದು. ಮರೆತುಹೋಗೋ ಮುಂಚೆ ಹೇಳಿಬಿಡಿ ಅಂತಿದ್ಲು."

ಅರ್ಜಿಯ ವಿಷಯ ನಾನೇ ಬಾಯಿಬಿಟ್ಟೆ. ಲಸಿಕೆಯ ಕಾಗದಗಳ ನಡುವೆ ಇಟ್ಟಿದ್ದು ನಾನೇ ಎಂದೆ.

"ಗೊತ್ತು. ಓದಿದೆ."

"ಓದಿಯೂ ಸಹಿ ಹಾಕಿದೆಯಾ?"

"ನಿನಗೆ ಅಷ್ಟು ಬೇಕಾಗಿತ್ತಲ್ಲ" ಎಂದ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಟ್ರೂಡಿ ಕಾರಿನಿಂದ ಇಳಿದು ಬಂದಳು. ನನ್ನಿಂದ ತಪ್ಪಾಯಿತು, ಅವನನ್ನು ಮತ್ತೆ ನಿನ್ನ ಪಟ್ಟಿಗೆ ಸೇರಿಸಿಕೋ ಎಂದೆ. ಯಾಕೆ, ಏನು ಎಂದು ಕೇಳಲಿಲ್ಲ. ಒಳಗೆ ಹೋಗಿ ಓಮಹಾಕ್ಕೆ ಫೋನು ಮಾಡಿದಳು. ಸಿಕ್ಕ ದಿನಾಂಕ ಮೂರು ತಿಂಗಳ ಆಚೆಯದು. ಅದನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ಈಗ ಡೆಲ್ ಜೊತೆ ನಾನೂ ಒಳಗೆ ಕೂರುತ್ತೇನೆ. ಕೂರಲಿ ಅಂದವನು ಅವನೇ. ಮರೆವು ಬೆಳೆದಿದೆ, ಅವನ ಮಾತು ಈಗ ಕಡಿಮೆ. ಒಂದು ವಾಕ್ಯ ಶುರುಮಾಡಿ ನಡುವೆ ನಿಂತುಬಿಡುತ್ತಾನೆ. ಆಗ ಟ್ರೂಡಿ, "ಅವತ್ತು ನದಿ ದಾಟಿದ್ದು ಹೇಳಿದ್ರಲ್ಲ, ಅದೇ ತಾನೇ?" ಎನ್ನುತ್ತಾಳೆ. ಅವನು ಹೌದೆಂದು ತಲೆಯಾಡಿಸುತ್ತಾನೆ. ಯಾವ ನದಿಯೋ, ಯಾರು ದಾಟಿದ್ದೋ ನನಗೆ ಗೊತ್ತಿಲ್ಲ. ಅವನ ಬಾಯಲ್ಲಿ ಮಾತಿದ್ದ ಆ ನಾಲ್ಕು ತಿಂಗಳು ಇರುವುದು ಅವಳ ಹತ್ತಿರ. ಅವಳು ಒಳ್ಳೆಯವಳು, ಒಪ್ಪುತ್ತೇನೆ. ಹೊಟ್ಟೆಯುರಿ ಮಾತ್ರ ಹೋಗಿಲ್ಲ.