ಮೊಣಕಾಲೂರಿ ಮಾತಾಡುತ್ತಿದ್ದ ಅಜ್ಜಿ

ಅಜ್ಜಿಯ ಬೂದು ಲಂಗ ಉಳಿದೆಲ್ಲ ಕಡೆ ಗಟ್ಟಿಯಾಗಿಯೇ ಇತ್ತು, ಮೊಣಕಾಲಿನ ಜಾಗದಲ್ಲಿ ಮಾತ್ರ ಸವೆದು ಜಾಳಾಗಿತ್ತು. ದುಬೈಯ ಸತ್ವಾ ಪೇಟೆಯ ದರ್ಜಿ ಅದಕ್ಕೆ ತೇಪೆಯ ಮೇಲೆ ತೇಪೆ ಹಾಕಿದ್ದ. ನಾವು ಕೊಂಕಣಿ ಕ್ರೈಸ್ತರು, ಮೊಣಕಾಲು ಸವೆದದ್ದು ಕಂಡರೆ ನಮಗೆ ಪ್ರಾರ್ಥನೆಯೇ ನೆನಪಾಗುವುದು. "ದಿನಾ ಜಪಸರ ಮಾಡ್ತೀರಾ ಅಜ್ಜಿ?" ಎಂದು ಕೇಳಿಯೇಬಿಟ್ಟೆ. ಅಜ್ಜಿ ಗೊಳ್ಳೆಂದು ನಕ್ಕರು. "ನಮ್ಮಲ್ಲಿ ಮೊಣಕಾಲೂರುವ ಕ್ರಮವೇ ಇಲ್ಲ ಮಾರಾಯ್ತಿ. ಇದು ಮಕ್ಕಳಿಂದ ಹರಿದದ್ದು." ಎಷ್ಟೇ ಚಿಕ್ಕ ಮಗುವಾದರೂ ಸರಿ, ನೆಲಕ್ಕೆ ಮೊಣಕಾಲೂರಿ, ಅದರ ಎತ್ತರಕ್ಕೆ ಇಳಿದೇ ಅವರು ಮಾತಾಡುತ್ತಿದ್ದರು.

ಅವರು ಇಂಗ್ಲೆಂಡಿನವರು, ಕ್ರೈಸ್ತರಲ್ಲೇ ಕ್ವೇಕರ್ ಎಂಬ ಪಂಥದವರು. ಆ ಪಂಥದಲ್ಲಿ ಪಾದ್ರಿಯಿಲ್ಲ, ಪೂಜೆಯಿಲ್ಲ. ಎಲ್ಲರೂ ಮೌನವಾಗಿ ಕೂರುವುದು, ಯಾರಿಗೆ ಒಳಗಿನಿಂದ ಮಾತು ಬಂತೋ ಅವರು ಆಡುವುದು, ಅಷ್ಟೇ ಪ್ರಾರ್ಥನೆ. ಯೌವನದಲ್ಲಿ ಮಂಗಳೂರಿನ ಕಡೆಯ ಒಂದು ಅನಾಥಾಲಯದಲ್ಲಿದ್ದು ಕನ್ನಡ ಕಲಿತಿದ್ದರು. ಮಕ್ಕಳ ಹಕ್ಕಿಗಾಗಿ ದೇಶದೇಶ ಸುತ್ತಿ, ಮುಪ್ಪಿನಲ್ಲಿ ದುಬೈಯಲ್ಲಿದ್ದ ಮಗನ ಮನೆಗೆ ಬಂದಿದ್ದರು. ತನ್ನನ್ನು ಹೆಸರು ಹಿಡಿದೇ ಕರೆಯಬೇಕೆಂದು ಅವರ ಹಟ. ಹಿರಿಯರನ್ನು ಹಾಗೆ ಕರೆಯಲು ನಮ್ಮ ನಾಲಿಗೆ ಏಳಬೇಕಲ್ಲ! ಕೊನೆಗೆ 'ಅಜ್ಜಿ'ಗೆ ಒಪ್ಪಿದರು.

ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ನಾನು ಅವರ ಎದುರಿನ ಹಳೇ ವಿಲ್ಲಾದಲ್ಲಿ ಬಾಡಿಗೆಗಿದ್ದೆ. ಒಂದೊಂದು ಕೋಣೆಗೂ ಹಲಗೆಯ ಗೋಡೆ. ನನ್ನ ಹಲಗೆಯ ಆಚೆ ಕಾರ್ಕಳದ ಹೆಂಗಸೊಬ್ಬಳು, ಅವಳ ಆರು ವರ್ಷದ ಮಗಳು. ಗಂಡ ಹೇಳದೆ ಕೇಳದೆ ನಾಪತ್ತೆಯಾಗಿದ್ದ, ವೀಸಾ ಮುಗಿದಿತ್ತು, ಹೆರಿಗೆ ಆಸ್ಪತ್ರೆಗೆ ಹೋಗದೆ ಆ ಬಾಡಿಗೆ ಕೋಣೆಯಲ್ಲೇ ಆಗಿತ್ತು. ಕಾಗದಪತ್ರ ಇಲ್ಲದವರನ್ನು ಅಲ್ಲಿ 'ಖಲ್ಲಿವಲ್ಲಿ' ಎನ್ನುತ್ತಾರೆ. ತಾಯಿ ಖಲ್ಲಿವಲ್ಲಿ, ಮಗಳಂತೂ ಯಾವ ದೇಶದ ಲೆಕ್ಕದಲ್ಲೂ ಇಲ್ಲ. ಬಾಗಿಲು ತಟ್ಟಿದ ಸದ್ದಾದರೆ ಸಾಕು, ಆ ಮಗು ಮಂಚದ ಕೆಳಗೆ ನುಸುಳಿ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಹಲಗೆಯ ಈಚೆ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಮಗುವಿಗೆ ಹುಷಾರಿಲ್ಲದಾಗ ಅಜ್ಜಿ ಬಂದು ಹತ್ತಿರ ಕೂರುತ್ತಿದ್ದರು.

ಆಗ ಸರಕಾರ ಕಾಗದವಿಲ್ಲದವರಿಗೆ ದಂಡವಿಲ್ಲದೆ ಊರಿಗೆ ಮರಳಲು ಅವಕಾಶ ಕೊಟ್ಟಿತು. ತಾಯಿ ಹೋಗಬಹುದು. ಆದರೆ ಮಗು ಇವಳದೇ ಎನ್ನಲು ಸಾಕ್ಷಿ ಎಲ್ಲಿ? ಅಲ್ಲೇ ಇಬ್ಬರನ್ನೂ ಬೇರೆ ಮಾಡಿದರೆ? ತಾಯಿ ಅನ್ನ ಬಿಟ್ಟಳು. ನಾನೊಂದು ಉಪಾಯ ಹೂಡಿದೆ.

"ಹೆರಿಗೆಯ ಹೊತ್ತಿಗೆ ನಾನೇ ಇದ್ದೆ ಅಂತ ಹೇಳಿ ಅಜ್ಜಿ. ನಿಮ್ಮ ಮಾತು ಯಾರೂ ತೆಗೆದುಹಾಕುದಿಲ್ಲ."

"ನಾನು ಇರಲಿಲ್ಲವಲ್ಲ."

"ನಿಮ್ಮ ಸತ್ಯಕ್ಕೆ ಆ ಮಗು ಬಲಿಯಾಗ್ಬೇಕಾ?" ಎಂದು ಕೂಗಾಡಿದೆ. ಅಜ್ಜಿ ದನಿ ಏರಿಸಲಿಲ್ಲ. "ಮಗುವಿನ ಹತ್ತಿರ ಕೇಳಿದಿರಾ?" ಎಂದರು. ಆರು ವರ್ಷದ್ದರ ಹತ್ತಿರ ಎಂತ ಕೇಳುವುದು ಎಂದು ಗೊಣಗುತ್ತ ಬಂದೆ.

ಅಲ್ಲಿ ರಜೆಯ ದಿನವಾದ ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಅವರ ಮನೆಗೆ ಹೋದರೆ ತಾಯಿ ಮಗಳು ಆಗಲೇ ಅಲ್ಲಿದ್ದರು. ಅಜ್ಜಿ ಮೊಣಕಾಲೂರಿ ಹುಡುಗಿಗೆ ಎಲ್ಲವನ್ನೂ ತಿಳಿಸಿ ಹೇಳಿದರು, ಭಯವನ್ನೂ ಮುಚ್ಚಿಡಲಿಲ್ಲ. ಆಮೇಲೆ ಎಲ್ಲರೂ ಸುಮ್ಮನೆ ಕೂತೆವು. ಗಲ್ಲಿಯಲ್ಲಿ ಕಾರು ನಿಂತರೂ ನಾನು ಬೆಚ್ಚುತ್ತಿದ್ದೆ. ಬಹಳ ಹೊತ್ತಿನ ಮೇಲೆ ಆ ಮೌನದಲ್ಲಿ ಮಗುವಿನ ದನಿ ಕೇಳಿತು.

"ಅಮ್ಮ ಹೋದಲ್ಲಿಗೆ ನಾನು ಬರ್ತೇನೆ. ಆದ್ರೆ ಆ ಮನೆಯಲ್ಲಿ ಬಾಗಿಲು ತಟ್ಟಿದ್ರೆ ನಾನೇ ತೆಗೀಬೇಕು."

ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನವೇ ಎಲ್ಲರೂ ವಲಸೆ ಕಚೇರಿಗೆ ಹೊರಟೆವು.

ಕಚೇರಿಯ ಅಧಿಕಾರಿ ಅಜ್ಜಿಯನ್ನು ಕೇಳಿದರು, "ಹೆರಿಗೆ ನೋಡಿದ್ದೀರಾ?" ಅಜ್ಜಿ "ಇಲ್ಲ" ಎಂದರು. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಜ್ವರ ಬಂದಾಗ ಮಗು ಯಾರನ್ನು ಕರೆಯುತ್ತದೆಂದು ನೋಡಿದ್ದೇನೆ. ಇಬ್ಬರ ಡಿಎನ್ಎ ಪರೀಕ್ಷೆ ಮಾಡಿ. ಅಲ್ಲಿಯವರೆಗೆ ಇಬ್ಬರನ್ನೂ ಒಟ್ಟಿಗೆ ಇಡಿ." ಅಧಿಕಾರಿ ಒಪ್ಪಿದರು. ರಕ್ತ ಪರೀಕ್ಷೆಯ ಉತ್ತರಕ್ಕೆ ಕಾದ ಆ ವಾರಗಳು ಶತ್ರುವಿಗೂ ಬೇಡ. ಅಜ್ಜಿಗೂ ಹೆದರಿಕೆಯಿತ್ತು, ಮಾಡಿಟ್ಟ ಚಹಾ ಕುಡಿಯಲು ಮರೆಯುತ್ತಿದ್ದರು. ಕೊನೆಗೆ ತಾಯಿ ಮಗಳು ಒಂದೇ ವಿಮಾನ ಹತ್ತಿದರು.

ಮರುವರ್ಷ ಅಜ್ಜಿ ತಮ್ಮ ದೇಶಕ್ಕೆ ಮರಳಿ, ಅಲ್ಲೇ ತೀರಿಕೊಂಡರೆಂದು ಮಗ ತಿಳಿಸಿದ. ಅಷ್ಟರಲ್ಲಿ ನನಗೆ ಊರಿಗೆ ಹೋಗುವ ರಜೆ ಸಿಕ್ಕಿತ್ತು. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ, ಕಾರ್ಕಳಕ್ಕೇ ಹೋದೆ. ಬಾಗಿಲು ತಟ್ಟಿ, ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ನಿಂತೆ.

"ಅಮ್ಮಾ, ನೀನು ಇರು! ನಾನೇ ತೆಗೀತೇನೆ!"

ಓಡಿಬಂದ ಸದ್ದು, ಚಿಲಕದ ಸದ್ದು. ಯೂನಿಫಾರ್ಮಿನ ಹುಡುಗಿ ಬಾಗಿಲು ಪೂರಾ ತೆರೆದು ನಿಂತಿದ್ದಳು. ಅಜ್ಜಿಯ ಸುದ್ದಿ ಹೇಳಲು ನಾನು ಹೊಸ್ತಿಲಲ್ಲೇ ಮೊಣಕಾಲೂರಿದೆ.